ಜಡ್ಜ್ ಸಾಹೇಬರಿಗೂ ವೋಟೇ?

ಪ್ರಶ್ನೆ: ನಾವು ಅರಿಜೋನಾದ ಚಾಂಡ್ಲರ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇವೆ. ಸಿಟಿಜನ್‌ಶಿಪ್ ಬಂದ ಮೇಲೆ 2024ರ ನವೆಂಬರಿನಲ್ಲಿ ಮೊದಲ ಸಲ ವೋಟು ಹಾಕಿದೆ. ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬಂದಿತ್ತು. ಅಧ್ಯಕ್ಷರು, ಸೆನೆಟರು ಎಲ್ಲ ಮುಗಿದ ಮೇಲೆ ಜಡ್ಜ್‌ಗಳ ಹೆಸರಿನ ಉದ್ದನೆಯ ಪಟ್ಟಿ, ಒಬ್ಬೊಬ್ಬರ ಮುಂದೆಯೂ ‘ಹೌದು’, ‘ಇಲ್ಲ’. ಒಬ್ಬರ ಹೆಸರನ್ನೂ ಕೇಳಿರಲಿಲ್ಲ, ಅಷ್ಟನ್ನೂ ಖಾಲಿ ಬಿಟ್ಟೆ. ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮಪ್ಪ ಇದನ್ನು ಕೇಳಿ, ‘ಜಡ್ಜ್ ಸಾಹೇಬರಿಗೂ ವೋಟೇ? ಹಾಗಾದರೆ ಅವರು ಕಾನೂನು ನೋಡಿ ತೀರ್ಪು ಹೇಳುತ್ತಾರೋ, ಜನರ ಮುಖ ನೋಡಿ ಹೇಳುತ್ತಾರೋ?’ ಎಂದರು. 2026ರಲ್ಲಿ ಮತ್ತೆ ಚುನಾವಣೆ. ಮಗುವಿನ ಕಸ್ಟಡಿ ಕೇಸಿನಲ್ಲಿ ಸೋತ ಪರಿಚಿತರೊಬ್ಬರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಜಡ್ಜ್ ಹೆಸರು ಹಾಕಿ ‘ಎಲ್ಲರೂ ಇಲ್ಲ ಅಂತ ಒತ್ತಿ’ ಎನ್ನುತ್ತಿದ್ದಾರೆ. ಈ ಜಡ್ಜ್‌ಗಳು ಅಲ್ಲಿಗೆ ಬರುವುದು ಹೇಗೆ, ಉಳಿಯುವುದು ಹೇಗೆ? ನನ್ನಂಥವರು ಏನು ನೋಡಿ ವೋಟು ಹಾಕಬೇಕು?

ಉತ್ತರ: ನಿಮ್ಮ ತಂದೆಯವರು ಕೇಳಿದ್ದನ್ನೇ 1911ರಲ್ಲಿ ಅಮೆರಿಕದ ಅಧ್ಯಕ್ಷರೊಬ್ಬರು ಕೇಳಿದ್ದರು, ಅದೂ ನಿಮ್ಮ ಅರಿಜೋನಾದ ವಿಷಯದಲ್ಲೇ. ಆಗ ಅರಿಜೋನಾ ಇನ್ನೂ ರಾಜ್ಯ ಆಗಿರಲಿಲ್ಲ. ರಾಜ್ಯದ ಸ್ಥಾನ ಬೇಕೆಂದು ಬರೆದುಕೊಂಡ ಸಂವಿಧಾನದಲ್ಲಿ, ಜನ ಮನಸ್ಸು ಮಾಡಿದರೆ ಜಡ್ಜ್‌ಗಳನ್ನೂ ಅವಧಿಯ ನಡುವೆಯೇ ವಾಪಸ್ ಕರೆಸಬಹುದು ಎಂಬ ಕಲಮು ಇತ್ತು. ಸ್ವತಃ ಜಡ್ಜ್ ಆಗಿದ್ದ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ ಅದೊಂದೇ ಕಾರಣಕ್ಕೆ ವೀಟೋ ಹಾಕಿದರು. ಜನರ ಕೋಪಕ್ಕೆ ಹೆದರುವ ಜಡ್ಜ್ ಜಡ್ಜೇ ಅಲ್ಲ ಎಂಬುದು ಅವರ ವಾದದ ತಿರುಳು. ಅರಿಜೋನಾದವರು ಕಲಮು ತೆಗೆದರು, 1912ರ ಫೆಬ್ರವರಿ 14ರಂದು ರಾಜ್ಯವಾದರು, ಅದೇ ವರ್ಷದ ನವೆಂಬರಿನಲ್ಲಿ ವೋಟು ಹಾಕಿ ಅದೇ ಕಲಮನ್ನು ಮರಳಿ ಸೇರಿಸಿಕೊಂಡರು. ಟಾಫ್ಟ್ ಮುಂದೆ 1921ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೇ ಆದರು. ನಿಮ್ಮ ಬ್ಯಾಲೆಟ್ಟಿನ ಹಿಂಬದಿಯ ಆ ಪಟ್ಟಿಯ ಹಿಂದೆ ಇಷ್ಟು ಹಳೆಯ ಜಗಳ ಇದೆ.

ಇಲ್ಲಿ ಎರಡು ಬಗೆಯ ಜಡ್ಜ್‌ಗಳನ್ನು ಬೇರೆ ಮಾಡಿಕೊಳ್ಳಿ. ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಆಮೇಲೆ ಜೀವಮಾನವಿಡೀ ಅವರನ್ನು ವೋಟಿನಿಂದ ಯಾರೂ ಅಲುಗಾಡಿಸುವಂತಿಲ್ಲ. ಟಿವಿಯಲ್ಲಿ ಕಾಣುವುದು ಹೆಚ್ಚಾಗಿ ಅವರೇ. ಆದರೆ ವಿಚ್ಛೇದನ, ಕಸ್ಟಡಿ, ಕಳ್ಳತನ, ಕೊಲೆ, ಬಾಡಿಗೆ ಜಗಳ, ಆಸ್ತಿ, ಕುಡಿದು ಗಾಡಿ ಓಡಿಸಿದ್ದು, ಹೀಗೆ ಮನುಷ್ಯರ ಬದುಕಿಗೆ ತಾಗುವ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಡೆಯುವುದು ರಾಜ್ಯಗಳ ಕೋರ್ಟುಗಳಲ್ಲಿ. ಅರಿಜೋನಾದಲ್ಲಿ ಅದಕ್ಕೆ ಸುಪೀರಿಯರ್ ಕೋರ್ಟ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಮ್ಮ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟಿನದು. ನಿಮ್ಮ ಪಟ್ಟಿಯಲ್ಲಿದ್ದವರಲ್ಲಿ ಬಹುಪಾಲು ಮಂದಿ ಅಲ್ಲಿ ಕೂರುವವರು.

ಅವರು ಅಲ್ಲಿಗೆ ಬರುವ ದಾರಿ ಕೌಂಟಿಯಿಂದ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಿಂದ ಘಟಕಕ್ಕೆ, ಬೇರೆ. ಹದಿನೈದು ಕೌಂಟಿಗಳಲ್ಲಿ ಸಣ್ಣವುಗಳಲ್ಲಿ ಈಗಲೂ ನೇರ ಚುನಾವಣೆ: ಇಬ್ಬರು ನಿಲ್ಲುತ್ತಾರೆ, ಒಬ್ಬರು ಗೆಲ್ಲುತ್ತಾರೆ. ಮೊದಲು ಎಲ್ಲ ಕಡೆಯೂ ಹಾಗೇ ಇತ್ತು. 1974ರಲ್ಲಿ ಮತದಾರರು ಸಂವಿಧಾನ ತಿದ್ದಿ ದೊಡ್ಡ ಕೌಂಟಿಗಳಿಗೆ ಬೇರೆ ಪದ್ಧತಿ ತಂದರು. ಚಾಂಡ್ಲರ್ ಇರುವ ನಿಮ್ಮ ಮರಿಕೋಪ ಅದರಲ್ಲಿದೆ, ಟೂಸಾನಿನ ಪಿಮಾ ಇದೆ, ಆಮೇಲೆ ಪಿನಾಲ್, ಕೋಕೊನಿನೊ ಸೇರಿಕೊಂಡವು. ಈ ಪದ್ಧತಿಯ ಮೂಲ ಮಿಸೌರಿ. ಅಲ್ಲಿ ಕಾನ್ಸಾಸ್ ಸಿಟಿಯ ರಾಜಕೀಯ ದಣಿ ಟಾಮ್ ಪೆಂಡರ್‌ಗಾಸ್ಟ್ ಕೈಯಾಡಿಸದ ಜಾಗವಿರಲಿಲ್ಲ. ಕೋರ್ಟುಗಳೂ ಪಕ್ಷದ ಅಂಗಳವಾದವು ಎಂದು ಬೇಸತ್ತ ಜನ 1940ರಲ್ಲಿ ಹೊಸ ವ್ಯವಸ್ಥೆಗೆ ವೋಟು ಹಾಕಿದರು. ಅದನ್ನು ಇಂದಿಗೂ ಮಿಸೌರಿ ಪ್ಲಾನ್ ಎಂದೇ ಕರೆಯುತ್ತಾರೆ.

ಮರಿಕೋಪದಲ್ಲಿ ಅದು ನಡೆಯುವುದು ಹೀಗೆ. ಒಂದು ಸ್ಥಾನ ಖಾಲಿಯಾದರೆ ವಕೀಲರು ಅರ್ಜಿ ಹಾಕುತ್ತಾರೆ. ವಯಸ್ಸು ಮೂವತ್ತು ದಾಟಿರಬೇಕು, ಐದು ವರ್ಷದಿಂದ ಅರಿಜೋನಾದಲ್ಲೇ ಇದ್ದು ಇಲ್ಲಿನ ವಕೀಲಿ ಪರವಾನಗಿ ಹೊಂದಿರಬೇಕು. ಅರ್ಜಿದಾರರು ಎಲ್ಲ ಕಡೆಯಿಂದ ಬರುತ್ತಾರೆ: ಪ್ರಾಸಿಕ್ಯೂಟರುಗಳು, ಬಡ ಆರೋಪಿಗಳ ಪರ ಸರ್ಕಾರವೇ ಕೊಡುವ ಡಿಫೆಂಡರುಗಳು, ಖಾಸಗಿ ವಕೀಲರು, ಅದೇ ಕೋರ್ಟಿನಲ್ಲಿ ಕಮಿಷನರ್ ಆಗಿ ಸಣ್ಣ ವಿಚಾರಣೆಗಳನ್ನು ನಡೆಸುತ್ತ ಕೈಪಳಗಿಸಿಕೊಂಡವರು. ವಕೀಲರಲ್ಲದ ನಾಗರಿಕರೇ ಹೆಚ್ಚಿರುವ ಒಂದು ಆಯೋಗ ಅರ್ಜಿಗಳನ್ನು ಬಹಿರಂಗವಾಗಿ ಜಾಲಾಡಿ, ಕನಿಷ್ಠ ಮೂವರ ಪಟ್ಟಿ ಮಾಡಿ ಗವರ್ನರಿಗೆ ಕಳಿಸುತ್ತದೆ. ಗವರ್ನರು ಆ ಪಟ್ಟಿಯ ಒಳಗೇ ಆರಿಸಬೇಕು. ಅರವತ್ತು ದಿನದಲ್ಲಿ ಆರಿಸದಿದ್ದರೆ ಆ ಅಧಿಕಾರ ರಾಜ್ಯದ ಮುಖ್ಯ ನ್ಯಾಯಮೂರ್ತಿಗೆ ಹೋಗುತ್ತದೆ.

ನೇಮಕವಾದವರು ಮೊದಲು ಸುಮಾರು ಎರಡು ವರ್ಷ ಕೆಲಸ ಮಾಡಿ ತೋರಿಸಬೇಕು. ಆಮೇಲಿನ ಸಾರ್ವತ್ರಿಕ ಚುನಾವಣೆಯಲ್ಲಿ ಅವರ ಹೆಸರು ಬ್ಯಾಲೆಟ್ಟಿಗೆ ಬರುತ್ತದೆ. ಎದುರಾಳಿ ಇಲ್ಲ, ಪಕ್ಷದ ಗುರುತಿಲ್ಲ. ‘ಇವರನ್ನು ಮುಂದುವರಿಸಬೇಕೆ?’ ಎಂಬುದೊಂದೇ ಪ್ರಶ್ನೆ. ಗೆದ್ದರೆ ನಾಲ್ಕು ವರ್ಷ, ಮತ್ತೆ ಬ್ಯಾಲೆಟ್ಟು, ಮತ್ತೆ ನಾಲ್ಕು ವರ್ಷ, ಹೀಗೆ ಎಪ್ಪತ್ತರ ವಯಸ್ಸಿಗೆ ಕಡ್ಡಾಯ ನಿವೃತ್ತಿಯವರೆಗೆ. ಸೋತರೆ ಅವಧಿ ಮುಗಿದ ದಿನ ಸ್ಥಾನ ಖಾಲಿ, ಮತ್ತೆ ಆಯೋಗ, ಮತ್ತೆ ಪಟ್ಟಿ. ಹಾಗಾಗಿ ‘ಇಲ್ಲ’ ಎಂದು ಒತ್ತುವವರು ಆ ಕುರ್ಚಿಗೆ ಬೇರೆಯವರನ್ನು ಆರಿಸುತ್ತಿಲ್ಲ, ಕುರ್ಚಿಯನ್ನು ತೆರವು ಮಾಡಿಸುತ್ತಿದ್ದಾರೆ ಅಷ್ಟೇ.

ನಾನು ಮೊದಲ ಆರು ವರ್ಷ ವಕೀಲಿ ಮಾಡಿದ್ದು ಕರ್ನಾಟಕದ ತಾಲ್ಲೂಕು ಕೋರ್ಟುಗಳಲ್ಲಿ, ಆಮೇಲೆ ಇಲ್ಲಿ. ಎರಡೂ ಕಡೆ ಕಣ್ಣಿಗೆ ಬಿದ್ದ ಒಂದು ವಿಷಯವನ್ನು ನಿಮ್ಮ ತಂದೆಯವರಿಗೆ ಹೇಳಬೇಕು. ನಮ್ಮಲ್ಲಿ ಪರೀಕ್ಷೆ ಬರೆದು ಸಿವಿಲ್ ಜಡ್ಜ್ ಆದವರನ್ನಾಗಲಿ, ಏಳು ವರ್ಷದ ವಕೀಲಿಯ ಬಲದಿಂದ ನೇರವಾಗಿ ಜಿಲ್ಲಾ ಜಡ್ಜ್ ಆದವರನ್ನಾಗಲಿ ಅಳೆಯುವುದು ಹೈಕೋರ್ಟು. ಸಂವಿಧಾನದ 235ನೇ ವಿಧಿ ಆ ಹಿಡಿತವನ್ನು ಹೈಕೋರ್ಟಿಗೆ ಕೊಟ್ಟಿದೆ. ವರ್ಷಕ್ಕೊಮ್ಮೆ ಗೋಪ್ಯ ವರದಿ, ವರ್ಗಾವಣೆ, ಬಡ್ತಿ, ವಿಜಿಲೆನ್ಸ್, ಐವತ್ತೆಂಟರ ನಂತರವೂ ಇರಲು ಯೋಗ್ಯರೇ ಎಂಬ ಪರಿಶೀಲನೆ, ಅರವತ್ತಕ್ಕೆ ನಿವೃತ್ತಿ. ಆ ಗೋಪ್ಯ ವರದಿಯಲ್ಲಿ ಏನಿದೆ ಎಂದು ಕಕ್ಷಿದಾರರಿಗೆ ಎಂದೂ ತಿಳಿಯುವುದಿಲ್ಲ. ಇಲ್ಲಿ ಅದೇ ಬಗೆಯ ವರದಿ ಮುದ್ರಣವಾಗಿ, ಮತದಾರರಿರುವ ಪ್ರತಿ ಮನೆಗೂ ಅಂಚೆಯಲ್ಲಿ ಬರುತ್ತದೆ. ನೀವು 2024ರಲ್ಲಿ ಅದನ್ನು ಬಹುಶಃ ಜಾಹೀರಾತಿನ ಕಾಗದಗಳ ಜೊತೆ ಎಸೆದಿರಬೇಕು. ಹೆಚ್ಚಿನವರು ಮಾಡುವುದೂ ಅದನ್ನೇ, ಅದಕ್ಕೇ ಹೇಳುತ್ತಿದ್ದೇನೆ.

1992ರಲ್ಲಿ ಮತದಾರರೇ ಸಂವಿಧಾನಕ್ಕೆ ಸೇರಿಸಿದ ವ್ಯವಸ್ಥೆ ಅದು. ಜುಡಿಷಿಯಲ್ ಪರ್ಫಾರ್ಮೆನ್ಸ್ ರಿವ್ಯೂ ಆಯೋಗ ಎಂದು ಹೆಸರು, ಎಲ್ಲರ ಬಾಯಲ್ಲಿ ಜೆಪಿಆರ್. ಅಲ್ಲೂ ವಕೀಲರಲ್ಲದವರೇ ಹೆಚ್ಚು. ಆ ಜಡ್ಜ್ ಮುಂದೆ ಹಾಜರಾದ ವಕೀಲರು, ಕಕ್ಷಿದಾರರು, ಸಾಕ್ಷಿಗಳು, ಜ್ಯೂರಿಯಲ್ಲಿ ಕೂತ ಸಾಮಾನ್ಯ ಜನ, ಕೋರ್ಟ್ ಸಿಬ್ಬಂದಿ, ಇವರಿಗೆಲ್ಲ ಪ್ರಶ್ನಾವಳಿ ಹೋಗುತ್ತದೆ. ಕಾನೂನು ಗೊತ್ತೇ, ಪಕ್ಷಪಾತ ಇಲ್ಲದೆ ನಡೆದುಕೊಂಡರೇ, ಹೇಳಿದ್ದು ಅರ್ಥವಾಗುವಂತೆ ಹೇಳಿದರೇ, ತಾಳ್ಮೆ ಇದೆಯೇ, ಕೇಸುಗಳನ್ನು ಕಾಲಕ್ಕೆ ಸರಿಯಾಗಿ ವಿಲೇವಾರಿ ಮಾಡುತ್ತಾರೆಯೇ. ಕೊನೆಗೆ ಆಯೋಗದ ಸದಸ್ಯರು ಒಬ್ಬೊಬ್ಬ ಜಡ್ಜ್ ಮೇಲೂ ಮತ ಹಾಕಿ, ಮಾನದಂಡಕ್ಕೆ ಸರಿಹೊಂದುತ್ತಾರೆ ಅಥವಾ ಹೊಂದುವುದಿಲ್ಲ ಎನ್ನುತ್ತಾರೆ. ಎಷ್ಟು ಸದಸ್ಯರು ಯಾವ ಕಡೆ ಎಂಬ ಅಂಕಿಯೂ ಅಲ್ಲೇ ಇರುತ್ತದೆ. ನಿಮ್ಮ ತಂದೆಯವರು ಮೂವತ್ತು ವರ್ಷ ಬೆಂಚಿನ ಕೆಳಗೆ ಕೂತು ನೋಡಿದ್ದಾರೆ. ಯಾವ ಸಾಹೇಬರು ಫೈಲು ಓದಿಕೊಂಡು ಬರುತ್ತಿದ್ದರು, ಯಾರು ಬಡವರ ಮೇಲೆ ರೇಗುತ್ತಿದ್ದರು, ಯಾರು ವಾಯಿದೆ ಕೊಡುತ್ತಲೇ ಕಾಲ ತಳ್ಳುತ್ತಿದ್ದರು ಎಂದು ಅವರನ್ನು ಕೇಳಿ, ನಿಖರವಾಗಿ ಹೇಳುತ್ತಾರೆ. ಇಲ್ಲಿ ಆ ಜಾಗದಲ್ಲಿ ಕೂತವರ ಮಾತನ್ನೂ ಕೇಳಿ ಬರೆದುಕೊಳ್ಳುತ್ತಾರೆ. ನನಗೆ ಈ ವ್ಯವಸ್ಥೆಯಲ್ಲಿ ತುಂಬ ಹಿಡಿಸಿದ ಅಂಶ ಇದೇ.

ಆದರೂ ಆ ವರದಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಮೊದಲು ಎಷ್ಟು ಪ್ರಶ್ನಾವಳಿ ಭರ್ತಿಯಾಗಿ ಮರಳಿ ಬಂದಿವೆ ನೋಡಿ. ಹತ್ತು ವಕೀಲರ ಅಭಿಪ್ರಾಯಕ್ಕೂ ನೂರು ವಕೀಲರದಕ್ಕೂ ಅಂತರ ಇದೆ. ನೆವಾಡಾದ ಕ್ಲಾರ್ಕ್ ಕೌಂಟಿಯಲ್ಲಿ ವಕೀಲರು ಕೊಟ್ಟ ಅಂಕಗಳನ್ನು ಅಧ್ಯಯನ ಮಾಡಿದವರು, ಮಹಿಳಾ ಜಡ್ಜ್‌ಗಳಿಗೆ ಮತ್ತು ಬಿಳಿಯರಲ್ಲದ ಜಡ್ಜ್‌ಗಳಿಗೆ ಕಡಿಮೆ ಅಂಕ ಬೀಳುತ್ತದೆ, ಅವರ ಕೆಲಸದ ಗುಣಮಟ್ಟದಿಂದ ಅದನ್ನು ವಿವರಿಸಲು ಆಗುವುದಿಲ್ಲ ಎಂದು ಕಂಡುಕೊಂಡಿದ್ದಾರೆ. ವಕೀಲರ ಅಂಕ ಕಡಿಮೆ, ಜ್ಯೂರಿಯವರ ಅಂಕ ಹೆಚ್ಚು ಎಂದಿದ್ದರೆ ನಾನು ಒಂದು ಕ್ಷಣ ನಿಲ್ಲುತ್ತೇನೆ. ಸಿದ್ಧತೆ ಇಲ್ಲದೆ ಬರುವ ವಕೀಲರನ್ನು ಬಿಗಿ ಹಿಡಿಯುವ ಜಡ್ಜ್ ವಕೀಲರಿಗೆ ಹಿಡಿಸುವುದು ಅಪರೂಪ. ಎಲ್ಲ ಗುಂಪಿನಿಂದಲೂ ‘ತಾಳ್ಮೆ ಇಲ್ಲ’ ಎಂದೇ ಬಂದಿದ್ದರೆ ಅದು ಬೇರೆ ಮಾತು.

ಈಗ ಖಾಲಿ ಬಿಡುವ ವಿಷಯ. ಆ ಭಾಗ ಖಾಲಿ ಬಿಟ್ಟರೂ ನಿಮ್ಮ ಉಳಿದ ವೋಟುಗಳಿಗೆ ತೊಂದರೆ ಇಲ್ಲ. ಆದರೆ ಬಹಳ ಮಂದಿ ಖಾಲಿ ಬಿಡುತ್ತಾರೆ, ಉಳಿದವರಲ್ಲಿ ಬಹುಪಾಲು ಮಂದಿ ಅಭ್ಯಾಸಬಲದಿಂದ ‘ಹೌದು’ ಒತ್ತುತ್ತಾರೆ. ಹತ್ತು ರಾಜ್ಯಗಳ ನಾಲ್ಕು ದಶಕಗಳ ಲೆಕ್ಕ ತೆಗೆದು ನೋಡಿದಾಗ, ಇಂಥ ಆರು ಸಾವಿರಕ್ಕೂ ಹೆಚ್ಚು ಮತದಾನಗಳಲ್ಲಿ ಜಡ್ಜ್ ಸೋತದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಸೋತವರಲ್ಲೂ ಅರ್ಧದಷ್ಟು ಮಂದಿ ಇಲಿನಾಯ್‌ನವರು, ಯಾಕೆಂದರೆ ಅಲ್ಲಿ ಉಳಿಯಲು ನೂರಕ್ಕೆ ಅರವತ್ತು ‘ಹೌದು’ ಬೇಕು. ಮರಿಕೋಪದಲ್ಲಿ 2022ರಲ್ಲಿ ಮೂವರು ಒಟ್ಟಿಗೇ ಸೋತರು. ಅದಕ್ಕೂ ಹಿಂದಿನ ಸುಮಾರು ಐವತ್ತು ವರ್ಷಗಳಲ್ಲಿ ಸೋತವರನ್ನು ಬೆರಳಲ್ಲಿ ಎಣಿಸಬಹುದು.

ಇಷ್ಟು ಸುಲಭವಾಗಿ ಗೆಲ್ಲುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ, ಪೆನ್ಸಿಲ್ವೇನಿಯಾದ ಒಂದು ಪ್ರಕರಣ ನೆನಪಾಗಿ ನನಗೆ ಈಗಲೂ ಸಂಕಟವಾಗುತ್ತದೆ. ಅಲ್ಲಿನ ಲುಜರ್ನ್ ಕೌಂಟಿಯಲ್ಲಿ ಮಾರ್ಕ್ ಸಿವರೆಲ್ಲಾ ಎಂಬ ಜಡ್ಜ್ ಬಾಲಾಪರಾಧಿಗಳ ಕೋರ್ಟು ನಡೆಸುತ್ತಿದ್ದರು. ವಕೀಲರಿಲ್ಲದೆ ಬಂದ ಮಕ್ಕಳನ್ನು ಚಿಕ್ಕಪುಟ್ಟ ತಪ್ಪಿಗೆ ಬಂಧನ ಗೃಹಕ್ಕೆ ಕಳಿಸುತ್ತಿದ್ದರು. ಶಾಲೆಯ ಉಪಪ್ರಾಂಶುಪಾಲರನ್ನು ಗೇಲಿ ಮಾಡಿ ವೆಬ್ ಪುಟ ಮಾಡಿದ ಹುಡುಗಿಯೂ ಅವರಲ್ಲಿ ಒಬ್ಬಳು. ಆ ಬಂಧನ ಗೃಹಗಳು ಖಾಸಗಿ. ಅವುಗಳ ಹಿಂದಿದ್ದವರಿಂದ ಸಿವರೆಲ್ಲಾ ಮತ್ತು ಇನ್ನೊಬ್ಬ ಜಡ್ಜ್ ಮೈಕಲ್ ಕೊನಾಹನ್ ಒಟ್ಟು 26 ಲಕ್ಷ ಡಾಲರಿಗೂ ಹೆಚ್ಚು ಹಣ ಪಡೆದಿದ್ದರು. 2009ರಲ್ಲಿ ಅದು ಬಯಲಾಗಿ, ರಾಜ್ಯದ ಸುಪ್ರೀಂ ಕೋರ್ಟು ಸಾವಿರಾರು ಮಕ್ಕಳ ಮೇಲಿನ ತೀರ್ಪುಗಳನ್ನು ಅಳಿಸಿಹಾಕಿತು. 2011ರಲ್ಲಿ ಸಿವರೆಲ್ಲಾಗೆ 28 ವರ್ಷ ಶಿಕ್ಷೆಯಾಯಿತು. ಈ ಹಣ ಹರಿಯುತ್ತಿದ್ದ ಕಾಲದಲ್ಲೇ, 2005ರಲ್ಲಿ, ಅವರ ಹೆಸರು ಬ್ಯಾಲೆಟ್ಟಿಗೆ ಬಂದಿತ್ತು. ಜನ ‘ಹೌದು’ ಎಂದು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ್ದರು. ಆ ಕೋರ್ಟಿನ ಒಳಗೆ ಹೋಗಿ ಬಂದ ತಾಯಂದಿರಿಗೆ ಗೊತ್ತಿತ್ತು, ಪಕ್ಕದ ಬೀದಿಯ ಮತದಾರರಿಗೆ ಗೊತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಅಲಾಸ್ಕಾದಲ್ಲಿ ನಡೆಯಿತು. 2018ರ ಸೆಪ್ಟೆಂಬರಿನಲ್ಲಿ ಆಂಕರೇಜಿನ ಸುಪೀರಿಯರ್ ಕೋರ್ಟ್ ಜಡ್ಜ್ ಮೈಕಲ್ ಕೋರಿ ಅವರ ಮುಂದೆ ಒಂದು ಭೀಕರ ಹಲ್ಲೆಯ ಕೇಸು ಬಂತು. ಮಹಿಳೆಯ ಕತ್ತು ಹಿಸುಕಿ ಪ್ರಜ್ಞೆ ತಪ್ಪಿಸಿ ಲೈಂಗಿಕವಾಗಿ ಅವಮಾನಿಸಿದ ಆರೋಪಿಯ ಜೊತೆ ಪ್ರಾಸಿಕ್ಯೂಟರುಗಳು ರಾಜಿ ಒಪ್ಪಂದ ಮಾಡಿಕೊಂಡಿದ್ದರು. ಜಡ್ಜ್ ಅದನ್ನು ಒಪ್ಪಿದರು, ಆರೋಪಿ ಜೈಲಿನಲ್ಲಿ ಕೂರದೆ ಮನೆಗೆ ಹೋದ. ಜನ ಕುದಿದರು, ಕುದಿಯಲು ಕಾರಣವೂ ಇತ್ತು. ಆದರೆ ಒಪ್ಪಂದ ಪ್ರಾಸಿಕ್ಯೂಟರುಗಳದು, ಆ ಕೃತ್ಯವನ್ನು ಲೈಂಗಿಕ ಅಪರಾಧ ಎನ್ನದಿದ್ದದ್ದು ಶಾಸಕರು ಬರೆದ ಕಾನೂನು. ಅಲ್ಲಿನ ಜುಡಿಷಿಯಲ್ ಕೌನ್ಸಿಲ್, ಕೋರಿ ಅವರನ್ನು ಮುಂದುವರಿಸಿ ಎಂದೇ ಶಿಫಾರಸು ಮಾಡಿತ್ತು. ನವೆಂಬರಿನಲ್ಲಿ ಅವರು ಸೋತರು. ಮರುವರ್ಷ ಶಾಸಕರು ಕಾನೂನು ತಿದ್ದಿದರು. ನಡುವೆ ಕೆಲಸ ಹೋದದ್ದು ಬ್ಯಾಲೆಟ್ಟಿನ ಮೇಲೆ ಹೆಸರಿದ್ದ ಒಬ್ಬರದು. ಇಂಥ ಹೊತ್ತಲ್ಲಿ ಜಡ್ಜ್‌ಗೆ ರಾಜಕಾರಣಿಯ ಹಾಗೆ ಎದ್ದು ನಿಂತು ಉತ್ತರ ಕೊಡಲು ಆಗುವುದಿಲ್ಲ. ನಡೆಯುತ್ತಿರುವ ಕೇಸಿನ ಬಗ್ಗೆ ಹೊರಗೆ ಬಾಯಿ ಬಿಡಬಾರದೆಂದು ಅವರ ನಡತೆಯ ನಿಯಮಗಳೇ ಹೇಳುತ್ತವೆ.

ಒಬ್ಬರ ಕೆಲಸ ಹೋಗುವುದಕ್ಕೇ ಇದರ ಪರಿಣಾಮ ಮುಗಿಯುವುದಿಲ್ಲ. ಪೆನ್ಸಿಲ್ವೇನಿಯಾದ 1990ರ ದಶಕದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಿಕ್ಷೆಗಳನ್ನು ಇಬ್ಬರು ವಿದ್ವಾಂಸರು ಅಳೆದು ನೋಡಿದ್ದಾರೆ. ಜಡ್ಜ್ ಹೆಸರು ಬ್ಯಾಲೆಟ್ಟಿಗೆ ಬರುವ ದಿನ ಹತ್ತಿರವಾದಷ್ಟೂ ಅದೇ ಬಗೆಯ ಅಪರಾಧಕ್ಕೆ ಕೊಡುವ ಶಿಕ್ಷೆ ಉದ್ದವಾಗುತ್ತಿತ್ತು. ನಿಮ್ಮ ತಂದೆಯವರ ಅನುಮಾನ ಇಲ್ಲಿ ನಿಜವೇ ಆಗಿದೆ. ಜಡ್ಜ್‌ಗಳು ಭ್ರಷ್ಟರು ಎಂದು ಇದರ ಅರ್ಥವಲ್ಲ. ಮೆತ್ತಗಾದರೆ ಒಂದು ಕೇಸು ಸಾಕು, ಪೋಸ್ಟರಿನಲ್ಲಿ ಮುಖ ಬರುತ್ತದೆ, ಕಠಿಣವಾದರೆ ಯಾರೂ ಕೇಳುವುದಿಲ್ಲ ಎಂಬುದು ಅವರಿಗೂ ಗೊತ್ತು. ಆ ಭಯದ ಬೆಲೆ ತೆರುವವರು ಚುನಾವಣೆಯ ವರ್ಷದಲ್ಲಿ ಕಟಕಟೆಯಲ್ಲಿ ನಿಂತ ಬಡ ಆರೋಪಿ.

ಹೀಗಾಗಿ ನನ್ನ ನಿಲುವು ಇದು: ಈ ವೋಟು ತೀರ್ಪಿಗಲ್ಲ, ನಡವಳಿಕೆಗೆ. ತೀರ್ಪು ತಪ್ಪು ಎನಿಸಿದರೆ ಮೇಲ್ಮನವಿ ಇದೆ. ಕಾನೂನೇ ತಪ್ಪು ಎನಿಸಿದರೆ ಶಾಸಕರಿದ್ದಾರೆ, ಅವರ ಹೆಸರೂ ಅದೇ ಬ್ಯಾಲೆಟ್ಟಿನಲ್ಲಿದೆ. ಜಡ್ಜ್ ಹಣ ತಿಂದರು, ಅವಮಾನಿಸಿದರು ಎಂದಾದರೆ ರಾಜ್ಯದ ಜುಡಿಷಿಯಲ್ ಕಂಡಕ್ಟ್ ಆಯೋಗಕ್ಕೆ ಯಾವಾಗ ಬೇಕಾದರೂ ದೂರು ಕೊಡಬಹುದು, ಚುನಾವಣೆಗೆ ಕಾಯಬೇಕಿಲ್ಲ. ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾರೆಯೇ, ಓದಿಕೊಂಡು ಬರುತ್ತಾರೆಯೇ, ಆದೇಶವನ್ನು ತಿಂಗಳುಗಟ್ಟಲೆ ಎಳೆಯದೆ ಕೊಡುತ್ತಾರೆಯೇ, ಸೋತವರಿಗೂ ‘ನನ್ನ ಮಾತು ಕೇಳಿದರು’ ಎನಿಸುತ್ತದೆಯೇ, ಇವಿಷ್ಟಕ್ಕೆ ನಿಮ್ಮ ‘ಹೌದು’, ‘ಇಲ್ಲ’ ಇರಲಿ.

ನಿಮ್ಮ ಗುಂಪಿನ ಪರಿಚಿತರ ನೋವನ್ನು ನಾನು ಹಗುರ ಮಾಡುತ್ತಿಲ್ಲ. ಮಗುವನ್ನು ವಾರಕ್ಕೆ ಎರಡು ದಿನ ಮಾತ್ರ ನೋಡಬೇಕು ಎಂದು ಕೇಳಿಸಿಕೊಂಡು ಹೊರಬಂದ ಎಷ್ಟೋ ತಂದೆತಾಯಿಯರ ಪಕ್ಕ ನಾನು ಕಾರಿಡಾರಿನಲ್ಲಿ ನಿಂತಿದ್ದೇನೆ. ಆದರೆ ಫ್ಯಾಮಿಲಿ ಕೋರ್ಟಿನಲ್ಲಿ ಇಬ್ಬರೂ ಸಂತೋಷದಿಂದ ಹೊರಬರುವ ಕೇಸು ತೀರಾ ಕಡಿಮೆ. ಅಲ್ಲಿ ಕೂರುವ ಯಾವ ಜಡ್ಜ್ ಬಗ್ಗೆಯೂ ಇಂಥ ಹತ್ತು ಸಂದೇಶ ಬರೆಯಲು ಜನ ಸಿಗುತ್ತಾರೆ. ಮರಿಕೋಪದ ಜಡ್ಜ್‌ಗಳು ಕೆಲವು ವರ್ಷಕ್ಕೊಮ್ಮೆ ಕ್ರಿಮಿನಲ್, ಸಿವಿಲ್, ಫ್ಯಾಮಿಲಿ, ಬಾಲಾಪರಾಧ ಎಂದು ವಿಭಾಗ ಬದಲಿಸುತ್ತಾರೆ. ಫ್ಯಾಮಿಲಿಯಲ್ಲಿ ಕೂತ ಅವಧಿಯಲ್ಲೇ ಹೆಸರು ಬ್ಯಾಲೆಟ್ಟಿಗೆ ಬಂದವರು ಅಷ್ಟರಮಟ್ಟಿಗೆ ಹೆಚ್ಚು ಬೈಗುಳ ತಿನ್ನುತ್ತಾರೆ. ನಿಮ್ಮ ಪರಿಚಿತರಿಗೆ ಇಷ್ಟು ಹೇಳಿ: ಆದೇಶ ದಾಖಲಾದ ಮೂವತ್ತು ದಿನದೊಳಗೆ ಮೇಲ್ಮನವಿಯ ನೋಟಿಸು ಹಾಕಬೇಕು. ಅದು ಮೀರಿದ್ದರೆ, ಸಾಮಾನ್ಯವಾಗಿ ಒಂದು ವರ್ಷದ ಮೇಲೆ ಕಸ್ಟಡಿ ಆದೇಶವನ್ನು ಬದಲಿಸಿ ಎಂದು ಅರ್ಜಿ ಹಾಕಲು ಅವಕಾಶವಿದೆ. ಮಗುವಿಗೆ ಅಪಾಯವಿದ್ದರೆ ಅಷ್ಟು ಕಾಯಬೇಕಿಲ್ಲ. ಇನ್ನೂರು ಜನರ ‘ಇಲ್ಲ’ದಿಂದ ಅವರಿಗೆ ಮಗು ಸಿಗುವುದಿಲ್ಲ, ಆ ಒಂದು ಅರ್ಜಿಯಿಂದ ಸಿಗಬಹುದು.

ಒಬ್ಬ ಟ್ರಯಲ್ ಜಡ್ಜ್ ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಿಮ್ಮ ಕೌಂಟಿಯಲ್ಲೇ ದೊಡ್ಡ ಉದಾಹರಣೆ ಇದೆ. ರಾಜ್ಯದ ಸೆನೆಟಿನಲ್ಲಿ ಬಹುಮತದ ನಾಯಕಿಯಾಗಿದ್ದ ಸಾಂಡ್ರಾ ಡೇ ಒ’ಕಾನರ್ 1974ರಲ್ಲಿ, ಅಂದರೆ ಹಳೆಯ ಪದ್ಧತಿಯ ಕೊನೆಯ ದಿನಗಳಲ್ಲಿ, ಚುನಾವಣೆಗೆ ನಿಂತು ಗೆದ್ದು ಮರಿಕೋಪದ ಸುಪೀರಿಯರ್ ಕೋರ್ಟಿಗೆ ಬಂದರು. 1979ರಲ್ಲಿ ಗವರ್ನರ್ ಬ್ರೂಸ್ ಬ್ಯಾಬಿಟ್ ಅವರನ್ನು ರಾಜ್ಯದ ಮೇಲ್ಮನವಿ ಕೋರ್ಟಿಗೆ ನೇಮಿಸಿದರು. ಇನ್ನೆರಡು ವರ್ಷಕ್ಕೆ, 1981ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಸ್ವತಃ ವೋಟಿಗೆ ನಿಂತು ಗೆದ್ದಿದ್ದ ಅವರು, ನಿವೃತ್ತಿಯ ನಂತರ ಊರೂರು ತಿರುಗಿ ಹೇಳಿದ್ದು ಜಡ್ಜ್‌ಗಳ ನಡುವಿನ ಪೈಪೋಟಿಯ ಚುನಾವಣೆ ಬೇಡ, ಆಯೋಗದ ಪಟ್ಟಿಯಿಂದ ನೇಮಕ, ಆಮೇಲೆ ಮುಂದುವರಿಕೆಯ ಮತ, ಇದೇ ಸರಿ ಎಂದು.

ಈ ಮತ ಇನ್ನೇನು ಹೋಗಿಯೇಬಿಡುತ್ತಿತ್ತು ಎಂಬುದನ್ನೂ ಹೇಳಬೇಕು. ನೀವು 2024ರಲ್ಲಿ ತುಂಬಿದ ಬ್ಯಾಲೆಟ್ಟಿನಲ್ಲೇ 137 ಎಂಬ ಸಂಖ್ಯೆಯ ಪ್ರಸ್ತಾವ ಇತ್ತು. ಗಂಭೀರ ಅಪರಾಧ, ದಿವಾಳಿತನ, ಜೆಪಿಆರ್‌ನಲ್ಲಿ ಅನುತ್ತೀರ್ಣ, ಹೀಗೆ ಕೆಲವೇ ಸಂದರ್ಭ ಬಿಟ್ಟರೆ ಜಡ್ಜ್‌ಗಳು ಎಪ್ಪತ್ತರವರೆಗೂ ವೋಟಿಲ್ಲದೆ ಮುಂದುವರಿಯಲಿ ಎಂದು ಅದು ಹೇಳುತ್ತಿತ್ತು. ಪಾಸಾಗಿದ್ದರೆ ಅದೇ ದಿನದ ಮುಂದುವರಿಕೆಯ ಫಲಿತಾಂಶಗಳೂ ರದ್ದಾಗುತ್ತಿದ್ದವು. ಅದೇ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು 1864ರ ಗರ್ಭಪಾತ ನಿಷೇಧ ಕಾನೂನನ್ನು ಎತ್ತಿಹಿಡಿದು ಜನರ ಸಿಟ್ಟಿಗೆ ಗುರಿಯಾಗಿತ್ತು. ಆ ತೀರ್ಪಿನ ಪರ ಇದ್ದ ಇಬ್ಬರು ನ್ಯಾಯಮೂರ್ತಿಗಳ ಹೆಸರೂ ಬ್ಯಾಲೆಟ್ಟಿನಲ್ಲಿತ್ತು. ಮತದಾರರು ಏನು ಮಾಡಿದರು ನೋಡಿ: ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ 137ನ್ನು ತಿರಸ್ಕರಿಸಿ ತಮ್ಮ ಅಧಿಕಾರ ಉಳಿಸಿಕೊಂಡರು, ಆ ಇಬ್ಬರನ್ನೂ ಮುಂದುವರಿಸಿದರು. ಟಾಫ್ಟ್ ಇದನ್ನು ಕಂಡಿದ್ದರೆ ಏನನ್ನುತ್ತಿದ್ದರೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಕೊನೆಗೆ, ಈ ಸಲ ನೀವು ಮಾಡಬಹುದಾದ ಕೆಲಸ. ಬ್ಯಾಲೆಟ್ಟಿಗೂ ಮೊದಲು ಅಂಚೆಯಲ್ಲಿ ಬರುವ, ಜೆಪಿಆರ್ ವರದಿ ಇರುವ ಸರ್ಕಾರಿ ಪುಸ್ತಿಕೆಯನ್ನು ತೆಗೆದಿಡಿ. ಪಟ್ಟಿಯಲ್ಲಿ ಐವತ್ತು ಹೆಸರಿದ್ದರೂ ಹೆದರಬೇಡಿ. ಆಯೋಗದ ಸದಸ್ಯರ ಮತ ಒಡೆದಿರುವ ಹೆಸರುಗಳು ಸಾಮಾನ್ಯವಾಗಿ ಕೆಲವೇ ಇರುತ್ತವೆ, ಅವುಗಳ ವರದಿಯನ್ನು ಮಾತ್ರ ನಿಧಾನವಾಗಿ ಓದಿ. ಉಳಿದವರ ಬಗ್ಗೆ ದೂರಿಲ್ಲದಿದ್ದರೆ ‘ಹೌದು’ ಎನ್ನಲು ಅಳುಕಬೇಕಿಲ್ಲ. ಯಾರ ಬಗ್ಗೆಯಾದರೂ ತೀರ್ಮಾನಕ್ಕೆ ಬರಲಾಗದಿದ್ದರೆ ಅದೊಂದನ್ನು ಖಾಲಿ ಬಿಡಿ, ಎಲ್ಲವನ್ನೂ ಅಲ್ಲ. ಫೀನಿಕ್ಸ್ ಪೇಟೆಯ ಕೋರ್ಟುಗಳ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ, ಹೆಚ್ಚಿನ ವಿಚಾರಣೆಗಳಲ್ಲಿ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ನಿಮ್ಮ ತಂದೆಯವರು ಇಲ್ಲಿಗೆ ಬಂದಾಗ ಒಂದು ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋಗಿ. ಅವರಿಗೆ ಇಂಗ್ಲಿಷ್ ಪೂರ್ತಿ ಹಿಡಿತಕ್ಕೆ ಸಿಗದಿದ್ದರೂ ಪರವಾಗಿಲ್ಲ, ಜಡ್ಜ್ ಫೈಲು ಓದಿಕೊಂಡು ಬಂದಿದ್ದಾರೋ ಇಲ್ಲವೋ ಎಂಬುದನ್ನು ಅರ್ಧ ಗಂಟೆಯಲ್ಲಿ ನಿಮಗೆ ಹೇಳುತ್ತಾರೆ.